ಹೆಡ್‌ಫೋನ್‌ನಲ್ಲಿ ಕರಕರ ಸದ್ದಾ? ಹೊಸದು ಕೊಳ್ಳೋ ಮುಂಚೆ ಇಷ್ಟು ನೋಡಿ

ತಿಪಟೂರು: ಪಿಡಿಒ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಹುಡುಗರಿಂದ ಹಿಡಿದು ಅಂಗಡಿ ಗಲ್ಲಾದಲ್ಲಿ ಕೂತು ಹಾಡು ಕೇಳುವವರ ತನಕ ಎಲ್ಲರ ಕಿವಿಯಲ್ಲೂ ಈಗ ಹೆಡ್‌ಫೋನ್. ಅದರಲ್ಲಿ ಕರಕರ ಶುರುವಾದರೆ ಹೆಚ್ಚಿನವರು ಮಾಡೋದು ಒಂದೇ: ಹಳೆಯದನ್ನ ಎಸೆದು ಹೊಸದು ತರೋದು. ಹೊಸದರಲ್ಲೂ ಅದೇ ಸದ್ದು ಬಂದರೆ ಅಂಗಡಿಯವರ ಜೊತೆ ಜಗಳ. ಆದರೆ ಎಷ್ಟೋ ಸಲ ತಪ್ಪು ಹೆಡ್‌ಫೋನಿನದ್ದಲ್ಲ. ಫೋನಿನ ತೂತಿನಲ್ಲಿ ಕೂತ ಕಸ, ಚಾರ್ಜರ್, ಸೆಟ್ಟಿಂಗ್ ಇಲ್ಲವೇ ಮನೆಯ ಅರ್ಥಿಂಗ್ ಕಾರಣ ಇರುತ್ತೆ. ಕೊನೆಯದು ಕಾರಣವಾಗಿದ್ದರೆ ಅದು ಬರೀ ಸದ್ದಿನ ವಿಷಯವಲ್ಲ, ಜೀವದ ವಿಷಯ.

ಮೊದಲು ಅದಲು ಬದಲು

ಸ್ಕ್ರೂ ಡ್ರೈವರ್ ಹಿಡಿಯುವ ಮುಂಚೆ ಎರಡು ಪರೀಕ್ಷೆ ಸಾಕು. ನಿಮ್ಮ ಹೆಡ್‌ಫೋನನ್ನು ಬೇರೆಯವರ ಫೋನಿಗೆ ಹಾಕಿ ಅದೇ ಹಾಡು ಕೇಳಿ. ಆಮೇಲೆ ಬೇರೆ ಹೆಡ್‌ಫೋನನ್ನು ನಿಮ್ಮ ಫೋನಿಗೆ ಹಾಕಿ ಕೇಳಿ. ಸದ್ದು ಹೆಡ್‌ಫೋನ್ ಹೋದ ಕಡೆಯೆಲ್ಲ ಹೋದರೆ ದೋಷ ಹೆಡ್‌ಫೋನಿನದು. ಫೋನಿನಲ್ಲೇ ಉಳಿದರೆ ದೋಷ ಫೋನಿನದು. ಒಂದೇ ವಿಡಿಯೋದಲ್ಲಿ ಮಾತ್ರ ಬಂದರೆ ಅದರ ರೆಕಾರ್ಡಿಂಗೇ ಹಾಗಿದೆ ಅಂತ ಅರ್ಥ.

ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು. ಎಲ್ಲ ಒಟ್ಟಿಗೆ ಬದಲಿಸಿದರೆ ಸದ್ದು ನಿಂತರೂ ಯಾವುದರಿಂದ ನಿಂತಿತು ಅಂತ ಗೊತ್ತಾಗಲ್ಲ.

ವೈರ್ ಅಲ್ಲಾಡಿಸಿದರೆ ಕರಕರ

ಜಾಕ್ ತಿರುಗಿಸಿದಾಗ, ವೈರ್ ಮಡಚಿದಾಗ ಸದ್ದು ಬಂದು ಹೋಗುತ್ತಿದ್ದರೆ ಎರಡು ಕಾರಣ ಇರಬಹುದು. ಒಂದು, ಫೋನಿನ ತೂತಿನಲ್ಲಿ ಜೇಬಿನ ನೂಲು, ಧೂಳು ಸೇರಿ ಜಾಕ್ ಪೂರ್ತಿ ಒಳಗೆ ಕೂರುತ್ತಿಲ್ಲ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕಸ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಹಾಕಿದರೆ ಒಳಗಿನ ಪತ್ತಿ ಬಾಗುತ್ತೆ. ಬಾಯಿಂದ ಊದಿದರೆ ಉಗುಳಿನ ತೇವ ಹೋಗುತ್ತೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಅದು ಇನ್ನಷ್ಟು ಧೂಳು ಹಿಡಿಯುತ್ತೆ. ಜಾಕ್ ಕಪ್ಪಾಗಿದ್ದರೆ ರಿಪೇರಿ ಅಂಗಡಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಎರಡು, ವೈರ್ ಒಳಗೇ ತುಂಡಾಗಿದೆ. ಜಾಕ್‌ನ ಬುಡದಲ್ಲಿ ಮತ್ತು ವೈರ್ ಎರಡಾಗಿ ಸೀಳುವ ಜಾಗದಲ್ಲಿ ಇದು ಜಾಸ್ತಿ. ಹೊಸ ಜಾಕ್ ಬೆಸುಗೆ ಹಾಕಿಸಿದರೆ ಹೆಡ್‌ಫೋನ್ ಉಳಿಯುತ್ತೆ. ಒಳಗಿನ ತೆಳು ತಂತಿಗೆ ಬಣ್ಣದ ಲೇಪ ಇರುವುದರಿಂದ ಅದನ್ನು ಮೊದಲು ಸುಟ್ಟು ತೆಗೆಯಬೇಕು. ಹಾಗೇ ಬೆಸುಗೆ ಹಾಕಿದರೆ ಮೇಲೆ ಅಂಟಿದಂತೆ ಕಂಡರೂ ಸಂಪರ್ಕ ಸಿಗಲ್ಲ. ವಾರಂಟಿ ಇದ್ದರೆ ಮಾತ್ರ ಕತ್ತರಿಸಬೇಡಿ, ಬಿಲ್ ತಗೊಂಡು ಅಂಗಡಿಗೆ ಹೋಗಿ.

ಮ್ಯೂಸಿಕ್ ಬರುತ್ತೆ, ಮೇಷ್ಟ್ರ ಮಾತೇ ಇಲ್ಲ

ಕೆಲವರಿಗೆ ಹಾಡಿನ ವಾದ್ಯವೆಲ್ಲ ಕೇಳುತ್ತೆ, ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದಂತೆ. ಹೆಡ್‌ಫೋನಿನ ಎಡಕ್ಕೊಂದು, ಬಲಕ್ಕೊಂದು ತಂತಿ ಇದ್ದರೆ ಎರಡಕ್ಕೂ ಸೇರಿ ಗ್ರೌಂಡ್ ಅನ್ನೋ ಒಂದು ತಂತಿ ಇರುತ್ತೆ. ಅದು ತುಂಡಾದರೆ ಎರಡೂ ಕಡೆ ಸಮಾನವಾಗಿ ಇರುವ ದನಿ ಒಂದನ್ನೊಂದು ಹೊಡೆದು ಹಾಕುತ್ತೆ. ಹಾಡಿನಲ್ಲಿ ಗಾಯಕರ ದನಿ, ಕ್ಲಾಸಿನಲ್ಲಿ ಮೇಷ್ಟ್ರ ದನಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ತರ ಇರೋದರಿಂದ ಮೊದಲು ಮಾಯವಾಗೋದು ಅದೇ.

ಮೈಕ್ ಇರುವ ಹಳೆಯ ಹೆಡ್‌ಸೆಟ್‌ಗಳಲ್ಲಿ ಗ್ರೌಂಡ್ ಮತ್ತು ಮೈಕ್‌ನ ಜಾಗ ಅದಲು ಬದಲಾಗಿದ್ದರೂ ಹೀಗೇ ಆಗುತ್ತೆ. ಮೈಕ್ ಬಟನ್ ಒತ್ತಿ ಹಿಡಿದಾಗ ದನಿ ಸರಿಯಾದರೆ ಕಾರಣ ಇದೇ. ಆಗ ಹೆಡ್‌ಸೆಟ್ ಕೆಟ್ಟಿಲ್ಲ, ಆ ಫೋನಿಗೆ ಹೊಂದುತ್ತಿಲ್ಲ ಅಷ್ಟೇ.

ಗುಂಯ್ ಅನ್ನೋ ಸದ್ದು: ಇದನ್ನ ಬಿಡಬೇಡಿ

ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಗುಂಯ್ ಅನ್ನುತ್ತೆ, ಚಾರ್ಜರ್ ಕಿತ್ತರೆ ನಿಲ್ಲುತ್ತೆ. ಇದು ಮನೆಗೆ ಬರುವ 50 ಹರ್ಟ್ಸ್ ಕರೆಂಟಿನ ಸದ್ದು, ಚಾರ್ಜರ್ ದಾರಿಯಲ್ಲಿ ಕಿವಿಗೆ ಬರುತ್ತಿದೆ. ಮೊದಲು ಬೇರೆ ಚಾರ್ಜರ್ ಹಾಕಿ ನೋಡಿ. ಹತ್ತಿರದ ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಬಲ್ಬನ್ನು ಒಂದೊಂದಾಗಿ ಆಫ್ ಮಾಡಿ. ಕರೆಂಟ್ ಹೋದಾಗ ಮಾತ್ರ ಸದ್ದು ಬಂದರೆ ಇನ್ವರ್ಟರ್ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಈ ಸದ್ದು ಸಾಮಾನ್ಯ, ಸೈನ್ ವೇವ್‌ನಲ್ಲಿ ಕಡಿಮೆ.

ಸದ್ದಿನ ಜೊತೆಗೆ ಕಂಪ್ಯೂಟರಿನ ಕಬ್ಬಿಣದ ಡಬ್ಬಿ ಮುಟ್ಟಿದರೆ ಜುಮ್ ಅನ್ನುತ್ತಿದೆಯಾ? ಎರಡು ಪಿನ್ ಚಾರ್ಜರ್‌ಗಳಲ್ಲಿ ಸ್ವಲ್ಪ ಜುಮ್ ಅನ್ನೋದು ಇರುತ್ತೆ. ಮೂರು ಪಿನ್ ಪ್ಲಗ್ ಹಾಕಿದ ಮೇಲೂ ಜುಮ್ ಅಂದರೆ ಆ ಸಾಕೆಟ್‌ಗೆ ಅರ್ಥಿಂಗ್ ಸಿಗುತ್ತಿಲ್ಲ ಅನ್ನೋ ಅನುಮಾನ ಬರಬೇಕು. ಸಾಕೆಟ್‌ನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಹಿಂದೆ ಅರ್ಥ್ ವೈರ್ ಇದೆ ಅಂತಲ್ಲ. ವೈರ್ ಇದ್ದರೂ ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೆ ಅದು ಸರಿಯಾಗಿ ಕೆಲಸ ಮಾಡಲ್ಲ. ಅದೇ ಮನೆಯಲ್ಲಿ ಗೀಸರ್, ಮಿಕ್ಸಿ, ವಾಷಿಂಗ್ ಮಷಿನ್ ಕೂಡ ಅದೇ ಅರ್ಥಿಂಗ್ ನಂಬಿಕೊಂಡಿರುತ್ತವೆ. ಇವತ್ತು ಹೆಡ್‌ಫೋನಿನಲ್ಲಿ ಗುಂಯ್ ಅಂದದ್ದು ನಾಳೆ ಗೀಸರ್‌ನಲ್ಲಿ ಶಾಕ್ ಆಗಬಹುದು.

ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ದಪ್ಪ ಮೂರನೇ ಪಿನ್ ಮುರಿಯುವವರಿದ್ದಾರೆ. ಸದ್ದೇನೋ ನಿಲ್ಲಬಹುದು, ಆದರೆ ಶಾಕ್ ತಡೆಯುವ ದಾರಿಯೂ ಹೋಗುತ್ತೆ. ನಲ್ಲಿ ಪೈಪಿಗೆ ಅರ್ಥ್ ವೈರ್ ಕಟ್ಟುವುದೂ ಅಪಾಯ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅಳತೆ ಮಾಡಿಸಿ. ಕಂಬ, ಸರ್ವಿಸ್ ವೈರ್ ಕಡೆ ದೋಷ ಇದ್ದರೆ 1912ಕ್ಕೆ ದೂರು ಕೊಡಬಹುದು.

ಸೌಂಡ್ ಜಾಸ್ತಿ ಮಾಡಿದರೆ ಒಡೆದ ದನಿ

ಕಮ್ಮಿ ಸೌಂಡ್‌ನಲ್ಲಿ ಚೆನ್ನಾಗಿದ್ದು, ಜಾಸ್ತಿ ಮಾಡಿದಾಗ ಮಾತ್ರ ದನಿ ಒಡೆದರೆ ಅದರ ಶಕ್ತಿಗಿಂತ ಹೆಚ್ಚು ಎಳೆಯುತ್ತಿದ್ದೀರಿ ಅಂತ ಅರ್ಥ. ವಾಲ್ಯೂಮ್ ಬೂಸ್ಟರ್ ಆ್ಯಪ್ ತೆಗೆಯಿರಿ, ಈಕ್ವಲೈಜರ್‌ನಲ್ಲಿ ಏರಿಸಿದ ಬೇಸ್ ಇಳಿಸಿ. ಕಂಪ್ಯೂಟರಿನಲ್ಲಿ ಸೌಂಡ್ ಸೆಟ್ಟಿಂಗ್‌ನ ಆಡಿಯೋ ಎನ್‌ಹಾನ್ಸ್‌ಮೆಂಟ್ ಆಫ್ ಮಾಡಿ. ಡೆಸ್ಕ್‌ಟಾಪ್‌ನ ಮುಂದಿನ ತೂತಿನಲ್ಲಿ ಚರಚರ ಬಂದರೆ ಹಿಂದಿನ ತೂತಿಗೆ ಹಾಕಿ. ಮುಂದಿನದರ ವೈರ್ ಡಬ್ಬಿಯೊಳಗೆ ಬೇರೆ ಭಾಗಗಳ ಪಕ್ಕದಲ್ಲೇ ಹಾದು ಬರುವುದರಿಂದ ಅವುಗಳ ಸದ್ದನ್ನೂ ಎಳೆದು ತರುತ್ತೆ.

ಕರಕರದ ಮಧ್ಯೆ ಮಾತು ಕೇಳಲಿ ಅಂತ ಸೌಂಡ್ ಏರಿಸುತ್ತಾ ಹೋಗಬೇಡಿ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ ಮಿತಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಹೆಡ್‌ಫೋನ್ ಇನ್ನೊಂದು ಸಿಗುತ್ತೆ, ಕಿವಿ ಸಿಗಲ್ಲ.

ಬ್ಲೂಟೂತ್ ಕಥೆ ಬೇರೆ

ಇದರಲ್ಲಿ ದನಿ ತುಂಡು ತುಂಡಾಗುತ್ತೆ. ಬ್ಲೂಟೂತ್ ಮತ್ತು ಹಲವು ವೈಫೈಗಳು ಓಡುವುದು ಒಂದೇ 2.4 ಗಿಗಾಹರ್ಟ್ಸ್ ದಾರಿಯಲ್ಲಿ. ರೌಟರ್‌ನಿಂದ ದೂರ ಕೂತು ನೋಡಿ, ಆಗುವುದಾದರೆ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ನಮ್ಮ ದೇಹವೂ ಸಿಗ್ನಲ್ ತಡೆಯುತ್ತೆ, ಹಿಂದಿನ ಜೇಬಿನ ಫೋನನ್ನು ಮುಂದಕ್ಕೆ ತಂದರೇ ಸರಿಹೋದದ್ದುಂಟು. ಆನ್‌ಲೈನ್ ಕ್ಲಾಸಿನಲ್ಲಿ ಮೈಕ್ ಆನ್ ಮಾಡಿದ ತಕ್ಷಣ ದನಿ ಹಳೇ ಫೋನಿನಂತಾದರೆ ಅದು ಸಾಮಾನ್ಯವಾಗಿ ದೋಷವಲ್ಲ. ಮೈಕ್ ಬಳಸುವಾಗ ಬ್ಲೂಟೂತ್ ಕರೆಯ ದರ್ಜೆಗೆ ಇಳಿಯುತ್ತೆ. ಫೋನಿನ ಮೈಕ್ ಆರಿಸಿಕೊಂಡರೆ ದನಿ ವಾಪಸ್ ಬರುತ್ತೆ.

ಅಂಗಡಿಯವರು ಗಮನಿಸಬೇಕಾದ್ದು

ಟೈಪ್-ಸಿಯಿಂದ 3.5 ಎಂಎಂಗೆ ಬದಲಿಸುವ ಕನೆಕ್ಟರ್‌ನಲ್ಲಿ ಎರಡು ಜಾತಿ. ಬರೀ ವೈರ್ ಇರುವುದು ಕೆಲವು ಫೋನಿಗೆ ಮಾತ್ರ ನಡೆಯುತ್ತೆ. ಒಳಗೆ ಡಿಎಸಿ ಚಿಪ್ ಇರುವುದು ಹೆಚ್ಚಿನ ಫೋನಿಗೆ ನಡೆಯುತ್ತೆ. ಗಿರಾಕಿಯ ಫೋನಿಗೇ ಹಾಕಿ ಕೇಳಿಸಿ ಕೊಟ್ಟರೆ ಮಾರನೇ ದಿನದ ವಾಪಸ್ ತಪ್ಪುತ್ತೆ. ಅಂಗಡಿಯಲ್ಲಿ ಚೆನ್ನಾಗಿ ಕೇಳಿದ ಹೆಡ್‌ಫೋನ್ ಮನೆಗೆ ಹೋದ ಮೇಲೆ ಗುಂಯ್ ಅಂದಿತು ಅಂತ ಗಿರಾಕಿ ಬಂದರೆ ಮೊದಲು ಒಂದು ಪ್ರಶ್ನೆ ಕೇಳಿ: ಚಾರ್ಜರ್ ಕಿತ್ತಾಗ ನಿಲ್ಲುತ್ತಾ? ಹೌದು ಅಂದರೆ ಇನ್ನೊಂದು ಹೆಡ್‌ಫೋನ್ ಮಾರುವ ಬದಲು ಚಾರ್ಜರ್ ಮತ್ತು ಮನೆಯ ಅರ್ಥಿಂಗ್ ನೋಡಿಸಿ ಅಂತ ಹೇಳಿ ಕಳಿಸಿ.

ಗುಡುಗು ಮಿಂಚಿನ ಹೊತ್ತಲ್ಲಿ ಚಾರ್ಜಿಗೆ ಹಾಕಿದ ಫೋನಿಗೆ ವೈರ್ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವುದಂತೂ ಯಾರಿಗೂ ಬೇಡ.