ಬಾಣಕ್ಕಿಂತ ಮೊದಲು ತಲುಪುವ ಸದ್ದು

ಮಂದಾರ್ತಿ, ಮಾರಣಕಟ್ಟೆ ಮೇಳಗಳ ಯಕ್ಷಗಾನ ಆಟ ನೋಡುತ್ತ ಬೆಳೆದ ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನಕ್ಕೆ ಬಿಲ್ಲಿನ ಬೇಟೆ ಹೊಸ ಸಂಗತಿಯಲ್ಲ. ‘ಪಂಚವಟಿ’ಯಲ್ಲಿ ರಾಮ ಬಾಣ ಬಿಟ್ಟನೆಂದರೆ ಮಾಯಾಜಿಂಕೆ ಬಿತ್ತೆಂದೇ ಲೆಕ್ಕ. ಕೋವಿಯಂತೆ ಬಿಲ್ಲು ಸದ್ದು ಮಾಡುವುದಿಲ್ಲ, ಹಾಗಾಗಿ ಬಾಣ ನೆಡುವ ತನಕ ಪ್ರಾಣಿಗೆ ಏನೂ ಗೊತ್ತಾಗುವುದಿಲ್ಲ ಎಂಬ ನಂಬಿಕೆ ಬೇರೂರಿರುವುದು ಸಹಜವೇ. ಇದಕ್ಕೆ ತದ್ವಿರುದ್ಧವಾದ ಮಾತೂ ಉಂಟು: ಬರುವ ಬಾಣವನ್ನು ಕಂಡು ಜಿಂಕೆ ತಗ್ಗಿ ತಪ್ಪಿಸಿಕೊಳ್ಳುತ್ತದಂತೆ. ಎರಡೂ ಸರಿಯಲ್ಲ. ಅದೇ ರಂಗಸ್ಥಳದಲ್ಲಿ ವೀರರ ಬಿಲ್ಲಿನ ಠೇಂಕಾರಕ್ಕೆ ಮೂರು ಲೋಕ ನಡುಗುತ್ತದಲ್ಲ, ಬೇಟೆಗೆ ಹೊರಟಾಗ ಮಾತ್ರ ಬಿಲ್ಲು ಮೂಕವಾಗುವುದು ಹೇಗೆ?

ಹೆದೆ ಬಿಟ್ಟೊಡನೆ ಅದು ಛಟ್ಟೆನ್ನುತ್ತದೆ, ಬಿಲ್ಲಿನ ತೋಳುಗಳು ಅದುರುತ್ತವೆ. ಆ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಸಾಂಪ್ರದಾಯಿಕ ಬಿಲ್ಲಿನ ಬಾಣ ಓಡುವುದು 50 ಮೀಟರ್ ಆಸುಪಾಸು. 30 ಮೀಟರ್ ದೂರದಲ್ಲಿ ನಿಂತ ಜಿಂಕೆಯ ಕಿವಿಗೆ ಸದ್ದು ಹತ್ತನೇ ಒಂದು ಸೆಕೆಂಡಿನೊಳಗೆ ಮುಟ್ಟಿದರೆ, ಬಾಣಕ್ಕೆ 0.6 ಸೆಕೆಂಡ್ ಬೇಕು. ಬೆಚ್ಚಿದ ಮೈ ಅಲುಗಲು 0.2 ಸೆಕೆಂಡ್ ಹಿಡಿಯಿತು ಎಂದಿಟ್ಟುಕೊಂಡರೂ ಇನ್ನೂ 0.3 ಸೆಕೆಂಡ್ ಕೈಯಲ್ಲಿದೆ. ಅಷ್ಟರಲ್ಲಿ ಆಧಾರವಿಲ್ಲದ ಮೈ 44 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಮೊಳ, ಕೆಳಗಿಳಿಯಬಲ್ಲದು. ಅದರ ಅರ್ಧ ಇಳಿದರೂ ಗುರಿ ಕೆಟ್ಟಿತು. ನಿಧಾನಗತಿಯ ವಿಡಿಯೋಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ಕಾಲು ಮಡಚುತ್ತದೆ, ಎದೆ ನೆಲದತ್ತ ಕುಸಿಯುತ್ತದೆ, ಆಮೇಲೆ ನೆಗೆತ. ಜಿಂಕೆ ಬಾಣ ತಪ್ಪಿಸಲು ಬಗ್ಗಿದ್ದಲ್ಲ. ನೆಗೆದು ಓಡಬೇಕಾದರೆ ಮೊದಲು ಕಾಲು ಮಡಚಲೇಬೇಕು. ಬಾಣ ಬೆನ್ನ ಮೇಲೆ ಹಾದುಹೋದದ್ದು ಅದರ ಅದೃಷ್ಟ.

ಈಗಿನ ರಾಟೆ ಜೋಡಿಸಿದ ಬಿಲ್ಲುಗಳು ಇನ್ನೂ ವೇಗದವಲ್ಲವೇ ಎನ್ನಬಹುದು. ಹೌದು, 90 ಮೀಟರ್ ದಾಟುವವೂ ಇವೆ. ಆದರೂ ಸದ್ದಿನ ಮುಂದೆ ಅದು ಕಾಲು ಭಾಗವೇ. ರೈಫಲ್ ಗುಂಡಿನ ಮಾತು ಬೇರೆ, ಅದು ಸದ್ದನ್ನೇ ಹಿಂದೆ ಹಾಕುತ್ತದೆ. ಹಾಗಾದರೆ ಎಷ್ಟೋ ಜಿಂಕೆಗಳು ನಿಂತಲ್ಲೇ ಬಾಣ ತಿನ್ನುವುದೇಕೆ? ಹತ್ತು ಮೀಟರಿನಲ್ಲಿ ಬಾಣ 0.2 ಸೆಕೆಂಡಿನಲ್ಲೇ ಬಂದುಬಿಡುತ್ತದೆ, ಬೆಚ್ಚುವುದಕ್ಕೂ ಪುರುಸೊತ್ತಿಲ್ಲ. ಇನ್ನು ತಲೆ ತಗ್ಗಿಸಿ ನಿಶ್ಚಿಂತೆಯಿಂದ ಮೇಯುವ ಜಿಂಕೆಗಿಂತ ಕಿವಿ ನಿಮಿರಿಸಿ ನಿಂತದ್ದು ಬೇಗ ಬೆಚ್ಚುತ್ತದೆ. ನಮ್ಮ ಕಡೆಯ ಆಟಿ ಮಳೆಯಲ್ಲಾದರೆ ಹೆದೆಯ ಸದ್ದು ಕೇಳಿಸುವುದೇ ಅನುಮಾನ. ಹೀಗಾಗಿ ‘ಸ್ವಲ್ಪ ಕೆಳಗೆ ಗುರಿಯಿಟ್ಟರಾಯಿತು’ ಎಂಬ ಜಾಣತನವೂ ನಿಲ್ಲುವುದಿಲ್ಲ. ಬಗ್ಗೀತೋ ಇಲ್ಲವೋ ಎಂದು ಮೊದಲೇ ಹೇಳುವವರಾರು? ಲೆಕ್ಕ ತಪ್ಪಿದರೆ ಗಾಯಗೊಂಡ ಪ್ರಾಣಿ ಪೊದೆ ಸೇರಿ ನರಳಿ ಸಾಯುತ್ತದೆ.

ಕೊಲ್ಲೂರಿನ ಸುತ್ತಲಿನ ಮೂಕಾಂಬಿಕಾ ಅಭಯಾರಣ್ಯದ ಕಡವೆ, ಕಾಡುಕುರಿ, ಬರಿಂಕಗಳ ಮೇಲೆ ಈ ಲೆಕ್ಕವನ್ನು ಪರೀಕ್ಷಿಸಲು ಯಾರಿಗೂ ಹಕ್ಕಿಲ್ಲ. ಸದ್ದಿಲ್ಲದ ಬಿಲ್ಲಿನಿಂದ ಹೊಡೆದರೆ ಬೇಟೆಯಲ್ಲ ಎಂದುಕೊಂಡವರಿದ್ದರೆ ನೆನಪಿಡಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧದ ಸದ್ದು ಕೇಳುವುದಿಲ್ಲ: ಕೊಲ್ಲುವ ಪ್ರಯತ್ನವೂ ಅದರ ಪ್ರಕಾರ ಬೇಟೆಯೇ, ಗುರಿ ತಪ್ಪಿದ ಬಾಣವೂ ಸೇರಿ.