ವೈರಸ್ ಹೋಯ್ತು, ವಿಳಾಸ ಉಳಿಯಿತು

ಪುಣೆಯಲ್ಲಿ ಕನ್ನಡ ಮಾತನಾಡುವ ಸಾಫ್ಟ್‌ವೇರ್ ಎಂಜಿನಿಯರ್ ಎಂದು ಗೊತ್ತಾದರೆ ಸಾಕು, ಊರ ಕಡೆಯವರ ಪ್ರಿಂಟರ್, ವೈಫೈ, ಟಿವಿ ರಿಮೋಟ್ ಎಲ್ಲವೂ ನಮ್ಮ ಖಾತೆಗೇ ಬರುತ್ತವೆ. ನಾನು ತಿಂಡಿಗೆ ಹೋಗುವ ಹೋಟೆಲಿನ ಯಜಮಾನರು ಕುಂದಾಪುರ ಕಡೆಯವರು. ಕಳೆದ ತಿಂಗಳು ಗಲ್ಲಾದಿಂದಲೇ ಕರೆದರು. “ಸಾರ್, ದುಡ್ಡು ಕೊಟ್ಟು ವೈರಸ್ ತೆಗೆಸಿ ಆಯ್ತು. ಈಗ ಆನ್ ಮಾಡಿದ ಕೂಡ್ಲೇ ಇದೊಂದು ಬರ್ತದೆ ಕಾಣಿ. ವಾಪಸ್ ಬಂತಾ ಎಂತ ಮಾರಾಯ್ರೆ?”

ಬಿಲ್ಲಿಂಗ್ ಕಂಪ್ಯೂಟರಿನ ಪರದೆಯಲ್ಲಿ ಎರಡು ಪುಟ್ಟ ಕಿಟಕಿಗಳಿದ್ದವು. ಒಂದರ ತಲೆಯ ಮೇಲೆ ‘ರನ್‌ಡಿಎಲ್‌ಎಲ್’ ಎಂದಿತ್ತು. ಅರ್ಥವಿಲ್ಲದ ಅಕ್ಷರಗಳ ಹೆಸರಿನ ಒಂದು ಫೈಲ್ ಶುರುವಾಗಲಿಲ್ಲ, ಆ ಮಾಡ್ಯೂಲ್ ಸಿಗುತ್ತಿಲ್ಲ ಎಂಬುದು ಅದರ ದೂರು. ಇನ್ನೊಂದು ‘ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್’, ಅದಕ್ಕೆ ಸ್ಕ್ರಿಪ್ಟ್ ಫೈಲ್ ಕಾಣುತ್ತಿರಲಿಲ್ಲ. ರಿಪೇರಿಯವನು ಫೋನಿನಲ್ಲೇ ತೀರ್ಪು ಕೊಟ್ಟಿದ್ದನಂತೆ: ಫಾರ್ಮ್ಯಾಟ್ ಮಾಡಬೇಕು. ನಾಲ್ಕು ವರ್ಷದ ಬಿಲ್ಲು, ಜಿಎಸ್‌ಟಿ ಲೆಕ್ಕ ಎಲ್ಲವೂ ಅದೇ ಡಿಸ್ಕಿನಲ್ಲಿದ್ದವು. ಬ್ಯಾಕಪ್ ಇರಲಿಲ್ಲ.

ಈ ಸಂದೇಶ ಹೆಚ್ಚಿನ ಸಲ ಒಳ್ಳೆಯ ಸುದ್ದಿಯೇ. ವೈರಸ್ ಬಂದಾಗ ಎರಡು ಕೆಲಸ ಮಾಡುತ್ತದೆ. ತನ್ನ ಫೈಲನ್ನು ಎಲ್ಲೋ ಒಂದು ಮೂಲೆಯಲ್ಲಿ ಬಚ್ಚಿಡುತ್ತದೆ, ಮತ್ತು ‘ಕಂಪ್ಯೂಟರ್ ಎದ್ದಾಗಲೆಲ್ಲ ನನ್ನನ್ನೂ ಎಬ್ಬಿಸು’ ಎಂದು ವಿಂಡೋಸಿನ ಪಟ್ಟಿಯಲ್ಲಿ ಒಂದು ಸಾಲು ಬರೆಯುತ್ತದೆ. ಆ್ಯಂಟಿವೈರಸ್ ಫೈಲನ್ನು ಅಳಿಸಿದರೂ ಕೆಲವೊಮ್ಮೆ ಆ ಸಾಲು ಹಾಗೇ ಉಳಿಯುತ್ತದೆ. ಬಾಡಿಗೆಯವರು ಮನೆ ಖಾಲಿ ಮಾಡಿದ್ದಾರೆ, ಪೇಪರ್ ಹುಡುಗನಿಗೆ ಯಾರೂ ಹೇಳಿಲ್ಲ. ಅವನು ದಿನಾ ಬಂದು ಬಾಗಿಲು ಬಡಿಯುತ್ತಾನೆ, ಅಷ್ಟೇ.

ಇಲ್ಲಿ ಇಬ್ಬರು ಪೇಪರ್ ಹುಡುಗರು: ರನ್‌ಡಿಎಲ್‌ಎಲ್32 ಮತ್ತು ಡಬ್ಲ್ಯೂಸ್ಕ್ರಿಪ್ಟ್. ಇಬ್ಬರೂ ವಿಂಡೋಸಿನದೇ ಆಳುಗಳು, ತಪ್ಪಿಲ್ಲದವರು. ಅವರ ಹೆಸರು ನೋಡಿ ಅವರನ್ನೇ ಅಳಿಸಲು ಹೊರಡುವವರಿದ್ದಾರೆ. ಅದಕ್ಕಿಂತ ಅಪಾಯದ ಇನ್ನೊಂದು ದಾರಿಯೂ ಉಂಟು. ‘ಕಾಣೆಯಾದ ಡಿಎಲ್‌ಎಲ್ ಇಲ್ಲಿ ಸಿಗುತ್ತದೆ’ ಎನ್ನುವ ತಾಣದಿಂದ ಆ ಫೈಲನ್ನು ಇಳಿಸಿಕೊಳ್ಳುವುದು. ಕಾಣೆಯಾದದ್ದು ವೈರಸ್ಸೇ ಅಲ್ಲವೇ? ಕಳ್ಳನನ್ನು ಹುಡುಕಿ ಕರೆತಂದು ಮನೆಯೊಳಗೆ ಕೂರಿಸಿದಂತಾಗುತ್ತದೆ.

ಮೊದಲು ಒಂದು ಪೂರ್ತಿ ಸ್ಕ್ಯಾನ್ ಮಾಡಿಸಿ, ಬಿಲ್ಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ವಿಂಡೋಸ್ 8ರಿಂದ ಈಚೆಗೆ ಸ್ಟಾರ್ಟ್‌ಅಪ್ ಪಟ್ಟಿ ಅಲ್ಲೇ ಇದೆ. ಸ್ಕ್ರಿಪ್ಟ್ ಹೋಸ್ಟಿನ ಸಾಲು ಅಲ್ಲೇ ಸಿಕ್ಕಿತು. ಡಿಸೇಬಲ್ ಮಾಡಿದೆ. ರನ್‌ಡಿಎಲ್‌ಎಲ್‌ನದು ಮಾತ್ರ ಅಲ್ಲಿರಲಿಲ್ಲ.

ಇಂಥಲ್ಲಿ ನಾನು ನಂಬುವುದು ‘ಆಟೋರನ್ಸ್’ ಎಂಬ ಉಚಿತ ಸಾಧನವನ್ನು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್ ಬಳಗದ್ದು. 2006ರಲ್ಲಿ ಮೈಕ್ರೋಸಾಫ್ಟ್ ಆ ಬಳಗವನ್ನೇ ಕೊಂಡುಕೊಂಡಿತು, ಆದ್ದರಿಂದ ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಳ್ಳಿ, ಬೇರೆಲ್ಲಿಂದಲೂ ಬೇಡ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ರಿಜಿಸ್ಟ್ರಿಯ ‘ರನ್’ ಕೀ, ಸ್ಟಾರ್ಟ್‌ಅಪ್ ಫೋಲ್ಡರ್, ಸರ್ವಿಸ್, ಟಾಸ್ಕ್ ಶೆಡ್ಯೂಲರ್ ಎಲ್ಲದರ ಪಟ್ಟಿ ಒಂದೇ ಕಡೆ ಸಿಗುತ್ತದೆ. ಫೈಲ್ ಇಲ್ಲದ ಸಾಲುಗಳು ಹಳದಿ ಬಣ್ಣದಲ್ಲಿ, ‘ಫೈಲ್ ನಾಟ್ ಫೌಂಡ್’ ಎಂಬ ಹಣೆಬರಹದೊಂದಿಗೆ ಕಾಣುತ್ತವೆ. ನಮ್ಮ ರನ್‌ಡಿಎಲ್‌ಎಲ್ ಶೆಡ್ಯೂಲರಿನಲ್ಲಿ ಅಡಗಿ ಕೂತಿತ್ತು. 2008ರಲ್ಲಿ ಜಗತ್ತನ್ನು ಕಾಡಿದ ಕಾನ್‌ಫಿಕರ್ ಕೂಡ ಇದೇ ಜಾಗವನ್ನು ಬಳಸಿಕೊಂಡಿತ್ತು.

ಹಳದಿ ಕಂಡದ್ದೆಲ್ಲ ವೈರಸ್ಸಲ್ಲ. ಹಳೆಯ ಪ್ರಿಂಟರಿನ ಡ್ರೈವರ್, ಎಂದೋ ತೆಗೆದ ಸಾಫ್ಟ್‌ವೇರ್ ಕೂಡ ಹೀಗೆ ಬಾಲ ಬಿಟ್ಟು ಹೋಗಿರುತ್ತವೆ. ಎರರ್ ಕಿಟಕಿಯಲ್ಲಿದ್ದ ಹೆಸರನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡು, ಅದು ಹೊಂದುವ ಸಾಲಿನ ಮುಂದಿನ ಟಿಕ್ ಮಾತ್ರ ತೆಗೆಯಿರಿ. ಡಿಲೀಟ್ ಬೇಡ. ಟಿಕ್ ತೆಗೆದದ್ದನ್ನು ಮತ್ತೆ ಹಾಕಬಹುದು, ಡಿಲೀಟ್ ಮಾಡಿದರೆ ಹಾಗಲ್ಲ. ಅಲ್ಲಿ ಎರಡು ಸಾಲಿನ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿದಾಗ ಪರದೆ ಶುಭ್ರವಾಗಿತ್ತು. ಬಿಲ್ಲು ಒಂದೂ ಹೋಗಲಿಲ್ಲ.

ಗಾಬರಿಯಾಗಬೇಕಾದ ಜಾಗ ‘ವಿನ್‌ಲಾಗಾನ್’. ಅಲ್ಲಿ ‘ಯೂಸರ್‌ಇನಿಟ್’, ‘ಶೆಲ್’ ಎಂಬ ಎರಡು ಸಾಲುಗಳಿವೆ. ಕೆಲವು ವೈರಸ್‌ಗಳು ವಿಂಡೋಸಿನ ಅಸಲಿ ಹೆಸರಿನ ಪಕ್ಕದಲ್ಲೇ ತಮ್ಮ ಹೆಸರನ್ನು ಅಂಟಿಸಿರುತ್ತವೆ. ಇಡೀ ಸಾಲನ್ನು ಅಳಿಸಿದರೆ ಲಾಗಿನ್ ಆದ ಕ್ಷಣವೇ ಲಾಗೌಟ್ ಆಗುತ್ತದೆ, ಅಥವಾ ಕಪ್ಪು ಪರದೆಯಷ್ಟೇ ಉಳಿಯುತ್ತದೆ. ತಿಳಿದವರು ಪಕ್ಕದಲ್ಲಿಲ್ಲದೆ ಅದಕ್ಕೆ ಕೈ ಹಾಕಬೇಡಿ.

ಟಿಕ್ ತೆಗೆದ ಮೇಲೂ ಅದೇ ಸಾಲು ಮತ್ತೆ ಹುಟ್ಟಿಕೊಂಡರೆ ವಿಷಯ ಬೇರೆ. ಬರೆಯುವವನು ಇನ್ನೂ ಒಳಗೇ ಇದ್ದಾನೆ. ಆಗ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಮಾಡಿಸಿ. ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ವೈರಸ್ಸಿಗೆ ಅಡಗಲು ಜಾಗ ಕಡಿಮೆ. ಸುಮಾರು 15 ನಿಮಿಷದ ಕೆಲಸ. ಅದಕ್ಕೂ ಬಗ್ಗದಿದ್ದರೆ ರಿಪೇರಿಯವನ ಫಾರ್ಮ್ಯಾಟ್ ಸಲಹೆಯೇ ಸರಿ, ಲೆಕ್ಕದ ನಕಲು ಕೈಯಲ್ಲಿದ್ದ ಮೇಲೆ ಮಾತ್ರ. ಆ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಮಾಡಿದ್ದರೆ ಪಾಸ್‌ವರ್ಡನ್ನು ಬೇರೆ ಫೋನಿನಿಂದ ಅಂದೇ ಬದಲಿಸಿ.