ಹೊಂಡದ ಮೇಲೊಂದು ಚಂದ್ರಯಾನ

2019ರ ಸೆಪ್ಟೆಂಬರ್ ಆರಂಭ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲಿಳಿಯುವುದನ್ನು ದೇಶವೇ ಕಾಯುತ್ತಿತ್ತು. ಅದೇ ಹೊತ್ತಿಗೆ ಬೆಂಗಳೂರಿನ ತುಂಗಾನಗರದ ರಸ್ತೆಯಲ್ಲಿ, ಗಗನಯಾತ್ರಿಯ ವೇಷ ತೊಟ್ಟ ನಟ ಪೂರ್ಣಚಂದ್ರ ಮೈಸೂರು ತೇಲುವಂತೆ ಹೆಜ್ಜೆಯಿಟ್ಟರು. ಕಾಲಡಿ ಚಂದ್ರನ ಕುಳಿಗಳೇ ಎನ್ನುವಷ್ಟರಲ್ಲಿ ಪಕ್ಕದಲ್ಲೊಂದು ಆಟೊ ಹಾದುಹೋಯಿತು!

ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಆ ವಿಡಿಯೊ ನೋಡಿ ನಾನೂ ನಕ್ಕೆ. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟವರೂ ಅವರೇ. ಮರುಗಳಿಗೆಯೇ ನಾಚಿಕೆಯಾಯಿತು. ಅಂಥವೇ ಹೊಂಡಗಳನ್ನು ನಿತ್ಯ ಬಳಸಿ ಸಾಗುತ್ತಾ, ಅವನ್ನು ಕಾಣುವುದನ್ನೇ ಮರೆತಿದ್ದೆ.

ವಿಡಿಯೊ ಹರಡಿದ ಬೆನ್ನಲ್ಲೇ ರಸ್ತೆ ದುರಸ್ತಿ ಶುರುವಾಯಿತು. ಕಲೆ ಗೆದ್ದಿತೆನ್ನೋಣವೇ? ಗುಂಡಿ ಮುಚ್ಚಲು ನಾಗರಿಕನ ಅರ್ಜಿ ಸಾಲದು, ವೇಷವೇ ಬೇಕೆಂದರೆ ಸೋತದ್ದು ಆಡಳಿತ ಮಾತ್ರವಲ್ಲ. ನೋಡಿಯೂ ನೋಡದಂತೆ ನಡೆದ ನಾವೂ ಸೋತಿದ್ದೇವೆ.